ಬಂಗಾರಿ ದಿಬ್ಬಕ್ಕೆ ಹೆಸರು ಬಂದದ್ದು

ಹಳದೀಪುರ
೧೨ ಜನವರಿ ೨೦೨೫, ಭಾನುವಾರ

ನಿತ್ಯಾ,

ಧಾರವಾಡದಲ್ಲಿ ಈಗ ಚಳಿ ಜೋರಿರಬೇಕು. ಎದೆ ಕಟ್ಟದಂತೆ ಬೆಳಗ್ಗೆ ಬಿಸಿನೀರು ಕುಡಿಯುತ್ತಿದ್ದೀ ಎಂದುಕೊಂಡು ಈ ಕಾಗದ ಶುರು ಮಾಡುತ್ತೇನೆ. ಇಲ್ಲಿ ನಾನು ಹುಷಾರು. ಆಯಿಯೂ ಹುಷಾರು, ಈ ವಯಸ್ಸಿನ ಅಮ್ಮಂದಿರಿಗೆಲ್ಲ ಇರುವ ಮೊಣಕಾಲು ನೋವೊಂದು ಬಿಟ್ಟರೆ. ತಮ್ಮ ರಾಜೀವ ಮಲ್ಪೆಯ ಬೋಟಿಗೆ ಹೋಗುತ್ತಿದ್ದಾನೆ. ಮೊದಲಿನಷ್ಟು ಮಾತಿಲ್ಲ, ಆದರೆ ಊಟಕ್ಕೇನೂ ತೊಂದರೆಯಿಲ್ಲವಂತೆ.

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀ. ಫೋನಿನಲ್ಲಿ ನೀನು ಮಧ್ಯೆ ಬಾಯಿ ಹಾಕುತ್ತೀ, ನಾನು ‘ಆತು, ಇಡ್ತೆ’ ಎಂದು ಇಟ್ಟುಬಿಡುತ್ತೇನೆ. ನಾವಿಬ್ಬರೂ ಬೇರೆ ಬೇರೆ ಊರಲ್ಲಿ ಇರತೊಡಗಿದ ಮೇಲೆ ಆಡಿದ ಮಾತೆಲ್ಲ ಹೀಗೆಯೇ ಮುಗಿದಿದೆ. ಕಾಗದದಲ್ಲಾದರೆ ನಾನು ಹೇಳಿ ಮುಗಿಸುವವರೆಗೆ ನೀನು ಸುಮ್ಮನಿರಲೇಬೇಕು.

ವಿಷಯ ಇದು. ಹೋದ ವಾರ ನಾನು ಕೆಲಸ ಮಾಡುವ ಹೊನ್ನಾವರದ ಮೆಡಿಕಲ್ ಅಂಗಡಿಗೆ ನಮ್ಮ ಪಂಚಾಯ್ತಿ ಅಧ್ಯಕ್ಷ ವಿಘ್ನೇಶ್ವರ ಬಂದಿದ್ದ. ಬಿಪಿ ಮಾತ್ರೆ ತೆಗೆದುಕೊಂಡು, ಚೀಟಿ ಮಡಚಿ ಕಿಸೆಗೆ ಹಾಕಿಕೊಂಡು, ಹೋಗದೆ ನಿಂತ. ಆಮೇಲೆ ‘ಮಾಸ್ತರರ ಅಡ್ರೆಸ್ ಬೇಕಾಗಿತ್ತು’ ಎಂದ. ಫೆಬ್ರವರಿಯಲ್ಲಿ ಬಂಗಾರಿ ದಿಬ್ಬದ ಉತ್ಸವವಂತೆ. ಊರಿಗೆ ಹೆಸರು ತಂದುಕೊಟ್ಟವರು ನಿತ್ಯಾನಂದ ಮಾಸ್ತರರು, ಅವರಿಗೆ ಶಾಲು ಹೊದಿಸಬೇಕು ಎಂದು ದಿಬ್ಬದ ರೆಸಾರ್ಟಿನವರೇ ಹೇಳಿದ್ದಾರಂತೆ. ನಾನು ವಿಳಾಸ ಬರೆದುಕೊಟ್ಟೆ. ಆಮಂತ್ರಣ ಇಷ್ಟು ಹೊತ್ತಿಗೆ ನಿನ್ನ ಕೈ ಸೇರಿರುತ್ತದೆ. ನೀನು ಅದಕ್ಕೆ ಉತ್ತರಿಸುವ ಮೊದಲು ಇಲ್ಲಿ ಏನಾಯಿತು ಎನ್ನುವುದು ನಿನಗೆ ಗೊತ್ತಿರಬೇಕು. ‘ಹೊಸ ಮನೆಗೆ ಬಂದೆವು, ನಲ್ಲಿಯಲ್ಲಿ ನೀರು ಬರುತ್ತದೆ’ ಎಂದಷ್ಟೇ ನಿನಗೆ ಹೇಳಿದ್ದೆ. ಅದು ಸುಳ್ಳೇನಲ್ಲ, ನೀರು ಬರುತ್ತದೆ.

ನೀನು ಧಾರವಾಡಕ್ಕೆ ವರ್ಗವಾಗಿ ಊರು ಬಿಟ್ಟ ದಿನದಿಂದ ಹೇಳುತ್ತೇನೆ. ಅಂದು ಬಸ್ ಸ್ಟ್ಯಾಂಡಿನಲ್ಲಿ ರಾಜೀವನಿಗೂ ನಿನಗೂ ಕೊನೆಯ ಸಲ ಜಗಳವಾಯಿತು. ನಮ್ಮ ಮೀನುಗಾರರ ಕೇರಿ ಇದ್ದ ದಿಬ್ಬದ ವಿಷಯದಲ್ಲಿ ಅವನು ಮೊದಲಿನಿಂದ ಹೇಳುತ್ತಿದ್ದದ್ದು ಒಂದೇ ಮಾತು: ‘ಭಾವ, ಮೊದ್ಲು ನೆಲ ಕೇಳ್ವಾ. ಹೆಸ್ರು ಆಮೇಲೆ ನೋಡ್ವಾ.’ ನೀನು ನಗುತ್ತಾ ಅವನ ಹೆಗಲ ಮೇಲೆ ಕೈಯಿಟ್ಟು, ಹೆಸರಿಲ್ಲದ ನೆಲವನ್ನು ಯಾರು ಬೇಕಾದರೂ ಎತ್ತಿಕೊಂಡು ಹೋಗುತ್ತಾರೆ, ಹೆಸರು ಸಿಕ್ಕಿತೆಂದರೆ ನೆಲ ತಾನಾಗಿ ಸಿಗುತ್ತದೆ ಎಂದೆ. ನನಗೆ ನಿನ್ನ ಮಾತೇ ಸರಿ ಎನ್ನಿಸಿತ್ತು. ಈಗಲೂ ಆ ಮಾತಿನಲ್ಲಿ ತಪ್ಪೆಲ್ಲಿದೆ ಎಂದು ಹುಡುಕಿದರೆ ಸಿಗುವುದಿಲ್ಲ. ಬಸ್ಸು ಹೊರಟಾಗ, ಹಿಂದೆ ಧಾರವಾಡದ ಹತ್ತಿ ಗಾಡಿಗಳು ಘಟ್ಟ ಇಳಿದು ಬಂದ ದಾರಿಯಲ್ಲೇ ಇವನು ಘಟ್ಟ ಹತ್ತಿ ಹೋಗುತ್ತಿದ್ದಾನಲ್ಲ ಎಂದುಕೊಂಡು ನನ್ನಷ್ಟಕ್ಕೆ ನಕ್ಕಿದ್ದೆ. ಆಮೇಲೆ ದಿಬ್ಬಕ್ಕೆ ನಡೆದು ಬಂದು ಆಯಿಯ ಜೊತೆ ಸೀಗಡಿ ಹರವಿದೆ. ಜೊತೆಗೆ ಬಾ ಎಂದರೆ ಬಾರದ ನನ್ನನ್ನು ನೀನು ‘ನನಗೂ ಒಂದು ಮರಳು ದಿಬ್ಬಕ್ಕೂ ಪೈಪೋಟಿಯೇ?’ ಎಂದು ಕೇಳಿದ್ದೆ.

ನೀನು ಹೋದ ಮರುವರ್ಷ ಮುಂಬಯಿಯ ಕಂಪನಿಯೊಂದು ಬಂತು. ಹಳೇ ಕಸ್ಟಮ್ಸ್ ಕಟ್ಟೆ, ಹಡಗು ದೋಣಿ ನಿಲ್ಲುತ್ತಿದ್ದ ಮುರಿದ ಧಕ್ಕೆ, ಬ್ರಿಟಿಷರ ಕಾಲದಲ್ಲಿ ಮಲ್ಲಾರ್ಡ್ ಸಾಹೇಬ ಹಾಕಿಸಿದ ಜಂಬಿಟ್ಟಿಗೆ ಕಲ್ಲಿನ ರಸ್ತೆಗಳು, ಇವನ್ನೆಲ್ಲ ರಿಪೇರಿ ಮಾಡಿ ಪ್ರವಾಸಿಗಳಿಗೆ ತೋರಿಸುತ್ತಾರೆ ಎಂದರು. ಅವರು ಮೊದಲು ತಂದ ಹೆಸರು ‘ಪೋರ್ಟ್ ಮಲ್ಲಾರ್ಡ್’. ಪೇಟೆಯವರು ಕುಣಿದಾಡಿದರು. ಪಾಪ, ಅವರದೂ ತಪ್ಪಲ್ಲ. ಸಾಹೇಬನ ಮಲ್ಲಾರ್ಡ್‌ಪೇಟೆ ನಮ್ಮ ಜನರ ಬಾಯಲ್ಲಿ ಮಳ್ಳಪೇಟೆಯಾಗಿ, ಕುಮಟೆಯ ಕಾಲೇಜಿಗೆ ಹೋದ ನಮ್ಮೂರಿನ ಯಾವ ಹುಡುಗಿಯೂ ‘ನಿಮ್ಮೂರಲ್ಲಿ ಎಲ್ಲರೂ ಮಳ್ಳರೇನೆ, ಹುಚ್ಚರೇನೆ?’ ಎನ್ನುವುದನ್ನು ಕೇಳದೆ ಮನೆಗೆ ಬಂದದ್ದಿಲ್ಲ. ಬಸ್ಸಿನ ಕಂಡಕ್ಟರು ‘ಯಾರ್ರೀ ಮಳ್ಳ, ಇಳೀರಿ’ ಎನ್ನುತ್ತಿದ್ದ. ನೀನು ಹಳದೀಪುರದ ಗದ್ದೆ ತೋಟದ ಮನೆಯವನು, ಅದನ್ನು ಕೇಳಿ ನಕ್ಕಿದ್ದೀಯೇ ಹೊರತು ಅನ್ನಿಸಿಕೊಂಡವನಲ್ಲ.

ಹೆಸರು ತೀರ್ಮಾನಿಸಲು ಶಾಲೆಯ ಹಾಲ್‌ನಲ್ಲಿ ಸಭೆ ಕರೆದರು. ಕಂಪನಿಯ ಪರವಾಗಿ ಬಂದವನು ಸುಧಾಕರ ಎಂಬ ಹುಡುಗ. ಕುಮಟೆಯವನೇ. ನಮ್ಮ ಹಾಗೆಯೇ ಮಾತಾಡುತ್ತಾನೆ, ಹಿರಿಯರ ಎದುರು ಕುರ್ಚಿಯ ಮೇಲೆ ಕೂರುವುದಿಲ್ಲ. ಕೇರಿಯ ಪರವಾಗಿ ನೀನು ಮಾತಾಡಬೇಕಿತ್ತು. ನೀನು ಇರಲಿಲ್ಲ. ರಾಜೀವ ಎದ್ದು ನಿಂತ, ಆದರೆ ಅವನಿಗೆ ಸಿಟ್ಟು ಬಂದರೆ ಮಾತು ಬರುವುದಿಲ್ಲ. ಆಗ ಹೆಂಗಸರ ಸಾಲಿನಿಂದ ಆಯಿ ಎದ್ದಳು. ‘ನಾ ಹೇಳೂದು ನಮ್ಮಜ್ಜಿ ಹೇಳದ್ದು. ಕೇಳೂದಾದ್ರೆ ಹೇಳ್ತೆ, ಇಲ್ದಿದ್ರೆ ಮನೆಗೆ ಹೋತೆ, ಮೀನು ಒಣಗೂಕೆ ಹಾಕಿ ಬಂದಿದೆ’ ಎಂದಳು. ಹಾಲ್ ನಕ್ಕಿತು, ಆಮೇಲೆ ಹೇಳಿ ಎಂದಿತು.

ನಿನಗೆ ಗೊತ್ತಿರುವ ಕಥೆಯನ್ನೇ ನಿನಗೆ ಬರೆಯುತ್ತಿದ್ದೇನೆ. ನೀನು ಅದನ್ನು ನಮ್ಮ ಜಗುಲಿಯಲ್ಲಿ ಕೂತು ಎಷ್ಟು ಸಲ ಕೇಳಿಲ್ಲ. ಆದರೂ ಆಯಿ ಅಂದು ಹೇಳಿದ ಹಾಗೆ ಯಾವತ್ತೂ ಹೇಳಿರಲಿಲ್ಲ.

ಅಮೆರಿಕದಲ್ಲಿ ಯುದ್ಧವಾಗಿ ಅಲ್ಲಿಯ ಹತ್ತಿ ಬಿಲಾಯ್ತಿಗೆ ಹೋಗದೆ ನಿಂತ ಕಾಲ. ಧಾರವಾಡದ ಹತ್ತಿ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟೆಗೆ ಬರುತ್ತಿತ್ತು. ಕುಮಟೆಯಲ್ಲಿ ಹಡಗಿಗೆ ಆಸರೆಯಿಲ್ಲ, ಹೊಳೆಬಾಯಿಯಲ್ಲಿ ಒಂದು ಶಹರ ಕಟ್ಟಿದರೆ ಮುಂಬಯಿಯನ್ನೇ ಮೀರಿಸಬಹುದು ಎಂದು ಮಲ್ಲಾರ್ಡ್ ಸಾಹೇಬನ ತಲೆಗೆ ಹೊಕ್ಕಿತು. ಸಾಹೇಬ ದೋಣಿಯಿಂದ ಇಳಿದಾಗ ದಿಬ್ಬದ ಮೇಲೆ ಬಂಗಾರಿ ಎಂಬ ಅಂಬಿಗರ ವಿಧವೆ ಮೀನು ಒಣಗಿಸುತ್ತಿದ್ದಳು. ಸುತ್ತ ಕೇರಿಯ ಗುಡಿಸಲುಗಳು. ಬಗಲಲ್ಲಿ ಹಾಲು ಕುಡಿಯುವ ಮಗು. ಸಾಹೇಬನ ಗುಮಾಸ್ತ ‘ಈ ಜಾಗದ ಹೆಸರೇನು?’ ಎಂದು ಕೇಳಿದ. ಬಂಗಾರಿ ತಲೆಯೆತ್ತಿ, ‘ಹೆಸ್ರು ಹೇಳಿದ್ರೆ ಬಿಟ್ಟು ಹೋಗ್ತ್ರಾ?’ ಎಂದಳು. ಗುಮಾಸ್ತ ಸಾಹೇಬನ ಕಡೆ ತಿರುಗಿ, ‘ಇದಕ್ಕೆ ಹೆಸರಿಲ್ಲವಂತೆ’ ಎಂದ. ಹೆಸರಿಲ್ಲದ ಜಾಗಕ್ಕೆ ಸಾಹೇಬ ತನ್ನ ಹೆಸರಿಟ್ಟ.

ಇಷ್ಟು ಹೇಳಿ ಆಯಿ ಸೆರಗಿನಿಂದ ಮುಖ ಒರೆಸಿಕೊಂಡಳು. ವಿಘ್ನೇಶ್ವರ ಫ್ಯಾನ್ ಆಫ್ ಮಾಡಿಸಿದ. ಆಮೇಲಿನದನ್ನು ಅವಳು ಬಹಳ ತಗ್ಗಿನ ದನಿಯಲ್ಲಿ ಹೇಳಿದಳು. ಆಷಾಢದ ಮಳೆಯಲ್ಲಿ ಗುಡಿಸಲು ಕಿತ್ತರು. ಬಂಗಾರಿ ಏಳಲಿಲ್ಲ. ಅವಳನ್ನು ಎತ್ತಿ ದೋಣಿಗೆ ಹಾಕಿ ಹೊನ್ನಾವರದ ಠಾಣೆಗೆ ಒಯ್ದರು. ಮಗುವನ್ನು ಅಕ್ಕಪಕ್ಕದವರು ನೋಡಿಕೊಂಡರು, ಆದರೆ ಅಕ್ಕಪಕ್ಕದವರಿಗೂ ಸೂರಿರಲಿಲ್ಲ. ಅವಳನ್ನು ಬಿಟ್ಟು ಕಳಿಸುವ ಹೊತ್ತಿಗೆ ಮಗು ಜ್ವರ ಬಂದು ತೀರಿಹೋಗಿತ್ತು. ಶಹರ ಎದ್ದು ನಿಂತಿತು. ಗೋದಾಮು, ದೀಪದ ಕಂಬ, ಬ್ಯಾಂಡು. ಮುಂದೆ ಯುದ್ಧ ಮುಗಿದು ಹತ್ತಿಯ ಧಾರಣೆ ಬಿತ್ತು, ವರ್ತಕರು ಹೋದರು, ಸಾಹೇಬ ಕಾಯಿಲೆ ಬಿದ್ದು ಹಡಗು ಹತ್ತಿದ. ಮುದುಕಿಯಾಗಿ ಬಂಗಾರಿ ಖಾಲಿ ಶಹರಕ್ಕೆ ವಾಪಸು ಬಂದಳು. ಬೀದಿ ಬೀದಿ ತಿರುಗಿದಳು. ತನ್ನ ಗುಡಿಸಲು ಎಲ್ಲಿತ್ತು ಎನ್ನುವುದು ಅವಳಿಗೆ ಸಿಗಲಿಲ್ಲ. ‘ಸಿಕ್ದೇ ಸತ್ತಳು’ ಎಂದು ಆಯಿ ಕೂತಳು.

ಸುಧಾಕರ ಕಣ್ಣು ಒರೆಸಿಕೊಂಡದ್ದನ್ನು ನಾನೇ ನೋಡಿದೆ. ನಟನೆ ಅಲ್ಲ. ಈಗಲೂ ನಾನು ಅದನ್ನು ನಟನೆ ಎನ್ನಲಾರೆ.

ಆಮೇಲೆ ಎಲ್ಲವೂ ಸಲೀಸಾಗಿ ನಡೆಯಿತು. ಪೇಟೆಯವರಿಗೆ ಮಳ್ಳಪೇಟೆ ಹೋದರೆ ಸಾಕಿತ್ತು, ಬಂದದ್ದು ಯಾವುದಾದರೂ ಸರಿ. ಕಂಪನಿಯವರೇ ಮುಂದೆ ನಿಂತು, ಬೆಂಗಳೂರಿಗೆ ಓಡಾಡಿ, ‘ಬಂಗಾರಿ ದಿಬ್ಬ’ ಎಂಬ ಹೆಸರಿಗೆ ಒಪ್ಪಿಗೆ ತಂದರು. ನೀನು ಅಷ್ಟು ವರ್ಷ ಕಚೇರಿಯಿಂದ ಕಚೇರಿಗೆ ಅಲೆದು ಚಪ್ಪಲಿ ಸವೆಸಿದ ಕೆಲಸ. ದೀಪಾವಳಿಯ ಹಿಂದಿನ ದಿನ ಹೆದ್ದಾರಿಯಲ್ಲಿ ಹಸಿರು ಬೋರ್ಡು ಎದ್ದಿತು. ಕೇರಿಯ ಹೆಂಗಸರು ರಿಕ್ಷಾ ಮಾಡಿಕೊಂಡು ಹೋಗಿ ಬೋರ್ಡಿಗೆ ಅರಿಶಿನ ಕುಂಕುಮ ಹಚ್ಚಿದೆವು. ಓದು ಬಾರದ ಆಯಿ ಅಕ್ಷರದ ಮೇಲೆ ಬೆರಳಾಡಿಸಿ, ಇದರಲ್ಲಿ ‘ಬಂ’ ಯಾವುದು ಎಂದು ಕೇಳಿದಳು. ನಾನು ಅವಳ ಕೈ ಹಿಡಿದು ತೋರಿಸಿದೆ. ಫೋಟೋ ನಿನಗೆ ಕಳಿಸಿದ್ದೆ. ‘ಗೆದ್ದೆವು ಸುಪ್ರಿಯಾ, ಇನ್ನು ನೆಲ ಎಲ್ಲಿಗೆ ಹೋಗುತ್ತದೆ’ ಎಂದು ಬರೆದಿದ್ದೆ ನೀನು. ಆ ಸಂಜೆ ಕೇರಿಯಲ್ಲಿ ಪಾಯಸ. ರಾಜೀವ ಮಾತ್ರ ದೋಣಿಯ ಅಂಚಿನ ಮೇಲೆ ಕೂತಿದ್ದ. ‘ಅಕ್ಕ, ಎಂತಕೆ ಇಷ್ಟು ಸಲೀಸಾಗಿ ಕೊಟ್ರು?’ ಎಂದು ಕೇಳಿದ. ಒಳ್ಳೆಯ ದಿನ ಅಪಶಕುನ ನುಡಿಯಬೇಡ ಎಂದು ಬೈದು ಅವನ ಕೈಗೆ ಲೋಟ ಕೊಟ್ಟೆ.

ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ಅಳತೆಯವರು ಬಂದರು. ಅವರ ಜೊತೆ ಒಬ್ಬ ಅಧಿಕಾರಿ. ಮೃದು ಸ್ವಭಾವದವರು, ಆಯಿ ಕೊಟ್ಟ ಎಳನೀರು ಕುಡಿದು ಲೋಟ ತಾವೇ ತೊಳೆದಿಟ್ಟರು. ಬಂಗಾರಿ ದಿಬ್ಬ ಈಗ ಸಂರಕ್ಷಿತ ಪಾರಂಪರಿಕ ತಾಣ, ಇಲ್ಲಿ ವಾಸ ಮಾಡುವಂತಿಲ್ಲ, ಮೀನು ಒಣಗಿಸುವಂತಿಲ್ಲ, ಹೊಸ ಗುಂಡಿ ತೋಡುವಂತಿಲ್ಲ ಎಂದರು. ನಿರ್ವಹಣೆ ಕಂಪನಿಯದ್ದು. ಕೇರಿಗೆ ಹಳದೀಪುರದ ಹಿಂದೆ ಕಾಲನಿ. ನಾನು ಅವರನ್ನು ಕೇಳಿದೆ, ನಾವು ಕೇಳಿದ್ದು ಕಾಪಾಡಿ ಎಂದು, ನೀವು ಏಳಿ ಎನ್ನುತ್ತಿದ್ದೀರಲ್ಲ ಎಂದು. ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. ‘ನಿಮ್ಮ ಯಜಮಾನರೇ ಅಲ್ಲವೇ ಪ್ರತಿ ಸಭೆಯಲ್ಲೂ ಹೇಳುತ್ತಿದ್ದದ್ದು, ಇದು ಪರಂಪರೆಯ ನೆಲ, ಇದನ್ನು ಯಾರೂ ಮುಟ್ಟಬಾರದು ಅಂತ?’ ಎಂದರು.

ನಿತ್ಯಾ, ನೀನು ಇಲ್ಲಿ ಓದುವುದನ್ನು ನಿಲ್ಲಿಸಿ ಕಾಗದ ಕೆಳಗಿಡುತ್ತೀ ಎಂದು ಗೊತ್ತು. ಚಹ ಮಾಡಿಕೊಂಡು ಬಂದು ಮತ್ತೆ ಓದು. ನಾನು ನಿನ್ನ ಮೇಲೆ ಹೊರಿಸುತ್ತಿಲ್ಲ. ಆ ಮಾತನ್ನು ನೀನು ಹೇಳುವಾಗ ಹೆಂಗಸರ ಸಾಲಿನಲ್ಲಿ ಕೂತು ಮೊದಲು ಚಪ್ಪಾಳೆ ತಟ್ಟುತ್ತಿದ್ದವಳು ನಾನೇ. ಯಾರೂ ಎಂದರೆ ಹೊರಗಿನವರು ಎಂದು ನಾವೆಲ್ಲ ಅಂದುಕೊಂಡಿದ್ದೆವು.

ರಾಜೀವ ಅಧಿಕಾರಿಯ ದಾರಿಗೆ ಅಡ್ಡ ನಿಂತು, ‘ಪರಂಪರೆ ಅಂದ್ರೆ ಎಂತ ಸರ್? ನಾವಲ್ವಾ?’ ಎಂದು ಕೇಳಿದ. ಆ ಮನುಷ್ಯ ಚಪ್ಪಲಿಯ ಮರಳು ಕೊಡವುತ್ತಾ, ಯಾವ ಕುಹಕವೂ ಇಲ್ಲದೆ, ‘ಪರಂಪರೆ ಅಂದರೆ ಹಳೆಯದು ತಮ್ಮ. ನೀವು ಈಗಿನವರು’ ಎಂದರು.

ನಾವು ಸುಮ್ಮನೆ ಎದ್ದು ಬಂದೆವು ಎಂದುಕೊಳ್ಳಬೇಡ. ವಕೀಲರ ಹತ್ತಿರ ಹೋದೆವು. ಅವರು, ಸಾಹೇಬನ ಕಾಲದಿಂದಲೂ ದಿಬ್ಬ ಬಂದರಿನ ಜಾಗ, ನೀವು ಕೂತದ್ದು ಖಾಲಿ ಬಿದ್ದ ಶಹರದ ಅಂಗಳದಲ್ಲಿ, ನಿಮ್ಮ ಹತ್ತಿರ ಇರುವುದು ಬರೀ ಕಥೆ, ಆ ಕಥೆಯೂ ಈಗ ಅವರ ಬೋರ್ಡಿನ ಮೇಲಿದೆ ಎಂದರು. ಪೇಟೆಯವರನ್ನು ಕೇಳಿದೆವು. ವಿಘ್ನೇಶ್ವರ ಕೈ ಮುಗಿದ. ‘ನಿಮ್ಗೆ ನಿಮ್ಮ ಹೆಸ್ರು ಕೊಟ್ಟಾತಲ್ಲ ಅಕ್ಕ, ಇನ್ನೆಂತ ಮಾಡೂಕೆ ಆತದೆ ನಮ್ಮ ಕೈಲಿ?’ ಎಂದ. ನಿನಗೆ ಫೋನ್ ಮಾಡಬೇಕೆಂದು ಎರಡು ಸಲ ನಂಬರು ತೆಗೆದೆ. ನಿನ್ನ ಆ ‘ಗೆದ್ದೆವು’ ಮೆಸೇಜು ಮೇಲೆಯೇ ಕಾಣುತ್ತಿತ್ತು. ಮುಚ್ಚಿದೆ.

ಮೇ ತಿಂಗಳ ಒಂದು ಬೆಳಗ್ಗೆ ಜೆಸಿಬಿ ಬಂತು. ಕೇರಿಯ ಹೆಂಗಸರೆಲ್ಲ ದಿಬ್ಬದ ಮೇಲೆ ಕೂತೆವು. ಬಿಸಿಲು ಏರುತ್ತಿದ್ದಂತೆ ಸುಧಾಕರ ಒಬ್ಬೊಬ್ಬರಿಗೂ ಮಜ್ಜಿಗೆ ತಂದು ಕೊಟ್ಟ. ಆಯಿಯ ಎದುರು ಮೊಣಕಾಲೂರಿ, ‘ಆಯಿ, ನಂಗೂ ಇದು ಸೇರೂದಿಲ್ಲ. ಆದ್ರೆ ನಾ ಹೋದ್ರೆ ಇನ್ನೊಬ್ಬ ಬತ್ತ, ಅಂವ ಮಜ್ಜಿಗೆನೂ ತರೂದಿಲ್ಲ’ ಎಂದ. ಆಯಿ ಲೋಟ ತೆಗೆದುಕೊಂಡಳು. ರಾಜೀವ ಮಷೀನಿನ ಎದುರು ಅಂಗಾತ ಮಲಗಿದ. ಅವನನ್ನು ನಾಲ್ಕು ಜನ ಪೊಲೀಸರು ಕೈಕಾಲು ಹಿಡಿದು ಎತ್ತಿ ಜೀಪಿಗೆ ಹಾಕಿದರು. ಅವನ ಲುಂಗಿ ಬಿಚ್ಚಿಹೋಗಿತ್ತು. ಕೇರಿಯ ಹೆಂಗಸರ ಎದುರು, ಅಕ್ಕನ ಎದುರು, ತಾಯಿಯ ಎದುರು. ನಾವೆಲ್ಲ ಮುಖ ತಿರುಗಿಸಿಕೊಂಡೆವು. ಅವನು ಈಗ ಊರಿಗೆ ಬಾರದಿರುವುದಕ್ಕೆ ಕೇಸು ಕಾರಣ ಎಂದು ಎಲ್ಲರೂ ತಿಳಿದಿದ್ದಾರೆ. ನನಗನ್ನಿಸುವುದು, ನಾವು ಮುಖ ತಿರುಗಿಸಿಕೊಂಡೆವಲ್ಲ, ಅದು.

ರಾಜೀವ ಹೋದ ಮೇಲೆ ಯಾರೂ ಕೂತಿರಲಿಲ್ಲ. ಒಬ್ಬೊಬ್ಬರಾಗಿ ಎದ್ದು ತಮ್ಮ ತಮ್ಮ ಮನೆಯ ಹೆಂಚು ತಾವೇ ಇಳಿಸಿದರು, ಮಷೀನು ಮುಟ್ಟಿದರೆ ಒಡೆಯುತ್ತದೆ ಎಂದು. ನಮ್ಮದನ್ನು ನಾನು ಇಳಿಸಿದೆ, ಆಯಿ ಕೆಳಗೆ ನಿಂತು ಹಿಡಿದುಕೊಂಡಳು.

ಕಾಲನಿಯಲ್ಲಿ ಮನೆಗಳು ಗಟ್ಟಿಯಾಗಿವೆ. ಕಿಟಕಿಗೆ ಗ್ರಿಲ್ಲು ಇದೆ. ಸಮುದ್ರದ ಸದ್ದು ಕೇಳುವುದಿಲ್ಲ ಎನ್ನುವುದಕ್ಕೆ ಅಭ್ಯಾಸವಾಗಲು ಮಳೆಗಾಲವೊಂದು ಬೇಕಾಯಿತು. ಹೆಂಗಸರು ಮೊದಮೊದಲು ಟೆರೇಸಿನ ಮೇಲೆ ಮೀನು ಹರವಿದರು. ಸುತ್ತಲಿನ ತೋಟದವರು ವಾಸನೆಯೆಂದು ದೂರು ಕೊಟ್ಟರು. ದೂರು ಕೊಟ್ಟವರಲ್ಲಿ ನಿನ್ನ ಅಣ್ಣ ಭಾಸ್ಕರನೂ ಒಬ್ಬ. ಸ್ಕೂಟರಿನಲ್ಲಿ ಹೋಗುವಾಗ ನಾನು ಎದುರಾದರೆ ತೆಂಗಿನ ಮರದ ತಲೆ ನೋಡುತ್ತಾನೆ. ನಿನ್ನ ಮನೆಯವರು ನಮ್ಮ ಮದುವೆಯನ್ನು ಒಪ್ಪದೆ ನನ್ನನ್ನು ಹಳದೀಪುರಕ್ಕೆ ಕಾಲಿಡಗೊಡಲಿಲ್ಲ. ಈಗ ಸರ್ಕಾರವೇ ತಂದು ಇಲ್ಲಿಟ್ಟಿದೆ. ಈಗ ನಮ್ಮ ಕೇರಿಯವರು ಒಣಮೀನನ್ನು ಕುಮಟೆಯ ಸಂತೆಯಿಂದ ಕೊಂಡು ತರುತ್ತಾರೆ. ಕೊಂಡು ತಂದದ್ದನ್ನು ಮೂಸಿ ನೋಡಿ, ಉಪ್ಪು ಹೆಚ್ಚಾಗಿದೆ ಎಂದು ಬೈಯುತ್ತಾರೆ.

ಈ ಕಾಲನಿಗೆ ಕಾಗದದಲ್ಲಿ ಬೇರೆಯೇ ಹೆಸರಿದೆ, ಯಾರಿಗೂ ನೆನಪಿಲ್ಲ. ಕಂಡಕ್ಟರು ಹೆದ್ದಾರಿಯಲ್ಲಿ ಬಸ್ಸು ನಿಲ್ಲಿಸಿ ‘ಮಳ್ಳಪೇಟೆ ಕಾಲನಿ’ ಎಂದು ಕೂಗುತ್ತಾನೆ. ಬೋರ್ಡು ಅಲ್ಲಿ ಉಳಿಯಿತು, ಮಳ್ಳಪೇಟೆ ಮಾತ್ರ ನಮ್ಮ ಸಾಮಾನಿನ ಜೊತೆ ಟೆಂಪೋ ಹತ್ತಿ ಬಂತು. ನಮ್ಮ ಅಂಗನವಾಡಿಯ ಮಕ್ಕಳನ್ನು ಊರ ಮಕ್ಕಳು ಏನೆಂದು ಕರೆಯುತ್ತಾರೆ ಎನ್ನುವುದನ್ನು ನಿನಗೆ ಬರೆಯಬೇಕಾಗಿಲ್ಲ.

ನವರಾತ್ರಿಯ ಹೊತ್ತಿಗೆ ಒಮ್ಮೆ ದಿಬ್ಬಕ್ಕೆ ಹೋಗಿದ್ದೆ. ಸುಧಾಕರ ಕಂಪನಿಯ ರೆಸಾರ್ಟಿನ ಗೇಟಿನಲ್ಲಿ ನೋಡಿ ಒಳಗೆ ಕರೆದುಕೊಂಡು ಹೋದ. ಚೆನ್ನಾಗಿ ಮಾಡಿದ್ದಾರೆ, ಸುಳ್ಳು ಹೇಳುವುದಿಲ್ಲ. ಕಸ್ಟಮ್ಸ್ ಕಟ್ಟೆಗೆ ಹೊಸ ಹೆಂಚು, ಧಕ್ಕೆಯ ಮೇಲೆ ಮೇಜು ಕುರ್ಚಿ, ಸಾಹೇಬನ ರಸ್ತೆಗಳಿಗೆ ದೀಪ. ನಮ್ಮ ಮನೆಯಿದ್ದಲ್ಲಿ ಹುಲ್ಲು ಬೆಳೆಸಿದ್ದಾರೆ. ಅದರ ಮೂಲೆಯಲ್ಲೊಂದು ಕಲ್ಲು ನಿಲ್ಲಿಸಿ, ಬಂಗಾರಿಯ ಗುಡಿಸಲು ಈ ಸ್ಥಳದಲ್ಲಿತ್ತು ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಕೆತ್ತಿಸಿದ್ದಾರೆ. ನಿತ್ಯಾ, ಅದು ನಮ್ಮ ಬಚ್ಚಲು. ಮದುವೆಯಾದ ಹೊಸತರಲ್ಲಿ ನೀನು ಬಾಗಿಲಿಗೆ ಚಿಲಕ ಹಾಕಿಕೊಟ್ಟ ಬಚ್ಚಲು. ಯಾರೋ ಗಂಡ ಹೆಂಡತಿ ಆ ಕಲ್ಲಿನ ಮುಂದೆ ಚಪ್ಪಲಿ ಕಳಚಿ ಕೈ ಮುಗಿಯುತ್ತಿದ್ದರು. ನನಗೆ ನಗು ಬಂತು. ನೀನಿದ್ದಿದ್ದರೆ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದೆವು. ಒಬ್ಬಳೇ ಅಷ್ಟೊಂದು ನಗಲಾಗದೆ ಬೇಗ ಹೊರಬಿದ್ದೆ.

ಈಗ ಸನ್ಮಾನದ ಮಾತು. ಹೋಗಬೇಡ ಎನ್ನಲು ಈ ಕಾಗದ ಬರೆಯಲು ಕೂತೆ. ಅರ್ಧ ಬರೆಯುವಷ್ಟರಲ್ಲಿ, ಹಾಗೆ ಹೇಳುವ ಹಕ್ಕು ನನಗೆಲ್ಲಿದೆ ಎನ್ನಿಸಿತು. ಆ ಹೆಸರಿಗಾಗಿ ನಿನ್ನಷ್ಟು ಅಲೆದವರು ಯಾರೂ ಇಲ್ಲ. ನೀನು ಹೋಗದಿದ್ದರೆ ಆ ಶಾಲನ್ನು ಬೇರೆ ಯಾರಿಗಾದರೂ ಹೊದಿಸುತ್ತಾರೆ, ಬಂಗಾರಿ ದಿಬ್ಬ ಅಲ್ಲೇ ಇರುತ್ತದೆ, ನಾವು ಇಲ್ಲೇ ಇರುತ್ತೇವೆ. ಕೇರಿಯವರ ಮುಖ ಹೇಗೆ ನೋಡಲಿ ಎಂದು ಹೆದರಬೇಡ. ಕೇರಿಯವರಿಗೆ ಅಲ್ಲಿಗೆ ಆಮಂತ್ರಣವಿಲ್ಲ. ಅವರಿಗೆ ನಿನ್ನ ಮೇಲೆ ಸಿಟ್ಟೂ ಇಲ್ಲ. ‘ಮಾಸ್ತರು ಹೇಂಗಿದ್ರು?’ ಎಂದು ಈಗಲೂ ಕೇಳುತ್ತಾರೆ. ಸಿಟ್ಟು ಮಾಡಿಕೊಳ್ಳುವಷ್ಟು ಯಾರಲ್ಲೂ ಏನೂ ಉಳಿದಿಲ್ಲ.

ಅಲ್ಲಿಗೇ ಬಂದುಬಿಡು ಎಂದು ಹೋದ ವರ್ಷ ನೀನು ಕೇಳಿದ್ದಕ್ಕೂ ಇಲ್ಲೇ ಉತ್ತರ ಬರೆಯುತ್ತೇನೆ. ದಿಬ್ಬ ಹೋಯಿತು, ಇನ್ನಾದರೂ ಧಾರವಾಡಕ್ಕೆ ಬರಬಹುದಲ್ಲ ಎಂದು ಈ ಕಾಗದ ಓದಿದ ಮೇಲೆ ನೀನು ಮತ್ತೆ ಕೇಳುತ್ತೀ. ಬರುವುದಿಲ್ಲ ನಿತ್ಯಾ. ಆಗ ಒಂದನ್ನು ಬಿಟ್ಟು ನಿನ್ನ ಹತ್ತಿರ ಬರಬೇಕಿತ್ತು, ಬಿಡಲಾರದೆ ಉಳಿದೆ. ಈಗ ಬಂದರೆ ಹೋಗಲು ಬೇರೆ ಜಾಗವಿಲ್ಲದೆ ಬಂದವಳಾಗುತ್ತೇನೆ. ನಿನ್ನ ಮನೆಯಲ್ಲಿ ಹಾಗೆ ಇರಲು ನನಗೆ ಇಷ್ಟವಿಲ್ಲ. ಇಲ್ಲಿ ಹೇಗಿದ್ದರೂ ಎಲ್ಲರೂ ಹಾಗೆಯೇ ಇದ್ದೇವೆ, ಅದಕ್ಕೆ ನಾಚಿಕೆಯಿಲ್ಲ. ಆಯಿಯನ್ನು ಒಬ್ಬಳನ್ನೇ ಬಿಡಲೂ ಆಗುವುದಿಲ್ಲ. ನೀನು ಯಾರನ್ನಾದರೂ ಜೊತೆ ಮಾಡಿಕೊಳ್ಳುವುದಾದರೆ ನನ್ನ ಅಡ್ಡಿಯಿಲ್ಲ. ಇದನ್ನು ಬರೆದು ಮತ್ತೊಮ್ಮೆ ಓದಿದೆ, ಹೊಡೆದುಹಾಕಲಿಲ್ಲ.

ಎದೆ ಜೋಪಾನ. ಹೊಳೆಯೇ ಇಲ್ಲದ ಊರಲ್ಲಿ ಒಳ್ಳೆಯ ಮೀನು ಸಿಗುವುದಿಲ್ಲ ಎಂದು ಗೊತ್ತು. ಸಿಕ್ಕಿದ್ದನ್ನೇ ತಿನ್ನು, ಹೊಟ್ಟೆಗೆ ಕಡಿಮೆ ಮಾಡಿಕೊಳ್ಳಬೇಡ.

ನಿನ್ನವಳಾಗಿಯೇ ಇರುವ,
ಸುಪ್ರಿಯಾ

ಮತ್ತೆ: ಲಕೋಟೆ ಅಂಟಿಸಿದ್ದೆ, ಬಿಚ್ಚಿ ಬರೆಯುತ್ತಿದ್ದೇನೆ. ಆಯಿ ಬರೆಯಲು ಹೇಳಿದಳು, ಹಾಗಾಗಿ ಮುಚ್ಚಿಡಲಾಗುವುದಿಲ್ಲ. ದಿನಾ ಸಂಜೆ ರೆಸಾರ್ಟಿನ ಗಾಡಿ ಬಂದು ಆಯಿಯನ್ನು ಕರೆದುಕೊಂಡು ಹೋಗುತ್ತದೆ. ಹಳೇ ಕಾಲದ ಸೀರೆ ಉಡಿಸಿ, ಮೂಗಿಗೆ ಬುಲಾಕು ಹಾಕಿ, ಧಕ್ಕೆಯ ಮೇಲೆ ಕೂರಿಸುತ್ತಾರೆ. ಅವಳೇ ಬಂಗಾರಿ. ‘ನಾ ಬಂಗಾರಿ’ ಎಂದು ಶುರು ಮಾಡಿ ಕಥೆ ಹೇಳುತ್ತಾಳೆ, ಸುಧಾಕರ ಪಕ್ಕದಲ್ಲಿ ನಿಂತು ಇಂಗ್ಲಿಷಿನಲ್ಲಿ ಹೇಳುತ್ತಾನೆ. ಮಗು ಸತ್ತದ್ದು ಬೇಡ, ಊಟಕ್ಕೆ ಮೊದಲು ಜನರಿಗೆ ಬೇಜಾರಾಗುತ್ತದೆ ಎಂದರಂತೆ. ಆಯಿ ಬಿಟ್ಟಳು. ಈಗ ಮಗು ಬದುಕುತ್ತದೆ, ಸಾಹೇಬ ಬಂದು ಕ್ಷಮೆ ಕೇಳುತ್ತಾನೆ, ಬಂಗಾರಿ ತನ್ನ ಗುಡಿಸಲಿಗೆ ವಾಪಸು ಹೋಗುತ್ತಾಳೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರಂತೆ. ಫೋನಿನಲ್ಲಿ ಯಾಕೆ ಹೋಗುತ್ತೀ ಎಂದು ಕೇಳಿದ ದಿನದಿಂದ ರಾಜೀವ ಅವಳ ಹತ್ತಿರ ಮಾತು ಬಿಟ್ಟಿದ್ದಾನೆ. ನಾನೂ ಕೇಳಿದ್ದೆ. ‘ಅಲ್ಲಿ ಕೂತ್ರೆ ಸಮುದ್ರ ಕಾಣ್ತದೆ’ ಎಂದಳು. ಹೋದ ವಾರ ಮನೆಯಲ್ಲಿ, ಪಕ್ಕದ ಮನೆಯ ಮೊಮ್ಮಗಳಿಗೆ ಕಥೆ ಹೇಳುತ್ತಾ ಅದೇ ಹೊಸ ಕೊನೆಯನ್ನು ಹೇಳಿದಳು. ನಾನು ತಿದ್ದಿದರೆ, ‘ಹಂಗೇ ಅಲ್ವನೇ ಇದ್ದದ್ದು?’ ಎಂದು ನನ್ನ ಮುಖ ನೋಡಿದಳು. ನೀನು ಸನ್ಮಾನಕ್ಕೆ ಹೋಗುವುದಾದರೆ ಬಂಗಾರಿಯ ವೇಷದಲ್ಲಿ ನಿನಗೆ ಶಾಲು ಹೊದಿಸುವವಳು ಅವಳೇ. ಅವಳು ಬರೆಯಲು ಹೇಳಿದ್ದು ಇಷ್ಟು: ‘ಅಳಿಯ ಬಂದ್ರೆ ನನ್ನ ಗುರ್ತ ಇದ್ದಂಗೆ ಮಾಡೂದು ಬ್ಯಾಡ ಅಂತ ಬರೆ.’